ಅಬ್ಬಿಯ ಗಾಳಿಮರದ ಕಟ್ಟಿಗೆ

ನನ್ನ ಅಪ್ಪಯ್ಯ ಬೆಂದದ್ದು ದೊಡ್ಡಪ್ಪಯ್ಯನ ಮಾವಿನ ಮರದಲ್ಲಿ. ಈ ವಾಕ್ಯ ನನ್ನದಲ್ಲ, ದೊಡ್ಡಪ್ಪಯ್ಯನದು. ಒಂಬತ್ತು ವರ್ಷ ಅದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಬಾವಿಕಟ್ಟೆಯಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಕೇಳಿದ್ದೇನೆ. ಈಗ ಅವರಿಲ್ಲ. ಅವರು ಯಾವ ಮರದಲ್ಲಿ ಬೆಂದರು ಎನ್ನುವುದನ್ನು ನಾನು ಹೇಳುತ್ತೇನೆ.

1997ರಲ್ಲಿ ನಾನು ಕುಂದಾಪುರದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷದಲ್ಲಿದ್ದೆ. ನಮ್ಮ ಮನೆ ಕಿರಿಮಂಜೇಶ್ವರದಿಂದ ಕಡಲ ಬದಿಗೆ ಇಳಿದರೆ ಸಿಗುತ್ತಿತ್ತು. ಮನೆ ಎಂದರೆ ದೊಡ್ಡಪ್ಪಯ್ಯನ ಹೆಂಚಿನ ಮನೆಯ ಹಿತ್ತಲ ಮೂಲೆಯಲ್ಲಿ ಎರಡು ಕೋಣೆ. ಜಾಗದ ಪಟ್ಟೆ ದೊಡ್ಡಪ್ಪಯ್ಯನ ಹೆಸರಿನಲ್ಲಿ. ನಮಗೆ ಸಿಕ್ಕಿದ್ದು ಮನೆ ಹೆಸರು ಮಾತ್ರ. ಎರಡು ಮನೆಗೂ ಅದೊಂದೇ ಹೆಸರು. ಪೋಸ್ಟಿನವರು ಆ ಹೆಸರು ನೋಡಿ ಕಾಗದ ಕೊಟ್ಟು ಹೋಗುತ್ತಿದ್ದರು, ಯಾರ ಕಾಗದ ಯಾರ ಕೈಗೆ ಬಂತು ಎಂದು ನಾವು ಆಮೇಲೆ ನೋಡಿಕೊಳ್ಳುತ್ತಿದ್ದೆವು. ಅಪ್ಪಯ್ಯ ಇನ್ನೊಬ್ಬರ ದೋಣಿಗೆ ಹೋಗುತ್ತಿದ್ದರು. ಅಬ್ಬಿ ಗಂಗೊಳ್ಳಿಯಿಂದ ಮೀನು ತಂದು ಬುಟ್ಟಿ ಹೊತ್ತು ಒಳಗಿನ ಊರುಗಳಿಗೆ ಹೋಗುತ್ತಿದ್ದಳು. ನಮ್ಮ ಕಡೆ ತಾಯಿಯನ್ನು ಅಬ್ಬಿ ಎನ್ನುವುದು.

ಅಪ್ಪಯ್ಯ ಕಾಮಾಲೆ ಬಂದು ಹದಿನೈದು ದಿನದಲ್ಲಿ ಹೋದರು. ಹೆಣ ಸುಡಲು ನಮ್ಮಲ್ಲಿ ಮಾವಿನ ಮರ ಕಡಿಯುವುದು ಪದ್ಧತಿ. ಇದ್ದವರು ಹಿತ್ತಲಿನದನ್ನು ಕಡಿಯುತ್ತಾರೆ, ಇಲ್ಲದವರು ಕೇಳಿ ತರುತ್ತಾರೆ. ನಮಗೆ ಹಿತ್ತಲು ಇರಲಿಲ್ಲ. ಅಬ್ಬಿ ದೊಡ್ಡಪ್ಪಯ್ಯನ ಜಗಲಿಯ ಕೆಳಗೆ ನಿಂತು ಕೇಳಿದಳು. ಅವರು ಒಂದು ಮರ ತೋರಿಸಿದರು. ಯಾವ ಮರ? ಅವರ ಅಡುಗೆಮನೆಯ ಮಾಡಿನ ಮೇಲೆ ವಾಲಿಕೊಂಡಿದ್ದು, ಗೆದ್ದಲು ಹಿಡಿದದ್ದು. ಕಡಿಸಬೇಕು, ಕಡಿಸಬೇಕು ಎಂದು ಎರಡು ಮಳೆಗಾಲದಿಂದ ಅವರೇ ಹೇಳುತ್ತಿದ್ದದ್ದು. ಅದರ ಬುಡ ಗುಡಿಸಿದವಳು ನಾನು. ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿ ಒಂದು ಮಿಡಿ ಕಂಡಿಲ್ಲ. ಕಡಿಯುವ ಕೂಲಿಯೂ ಅವರಿಗೆ ಉಳಿಯಿತು. ಊರಿನವರು ಪುಕ್ಕಟೆ ಕಡಿದರು. ನಮಗೆ ಗಂಡು ಮಕ್ಕಳಿಲ್ಲವಾದ್ದರಿಂದ ಬೆಂಕಿ ಕೊಟ್ಟವನೂ ಅವರ ಮಗನೇ. ಅವನು ನನಗಿಂತ ಎರಡು ವರ್ಷ ಚಿಕ್ಕವನು, ಏನು ಮಾಡುತ್ತಿದ್ದೇನೆಂದು ತಿಳಿಯದೆ ಅಳುತ್ತಿದ್ದ.

ಹದಿಮೂರನೆಯ ದಿನ ಬೊಜ್ಜ ಮುಗಿಯಿತು. ಬೊಜ್ಜ ಎಂದರೆ ಸತ್ತವರ ಹೆಸರಿನಲ್ಲಿ ಊರಿಗೆ ಹಾಕುವ ಊಟ. ಮರುದಿನ ಅಬ್ಬಿ ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಂಡು ಮರದ ಬೆಲೆ ಕೊಡಲು ಹೋದಳು. ನಾನೂ ಜೊತೆಗಿದ್ದೆ. ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು.

“ಮನಿಯೊಳ್ಗ್ ಲೆಕ್ಕ ಎಂತಕೆ ಹೆಣೆ? ಅವ ನನ್ನ್ ತಮ್ಮ ಅಲ್ದಾ?” ಎಂದರು ದೊಡ್ಡಪ್ಪಯ್ಯ. ಹೆಣೆ ಎಂದರೆ ನಮ್ಮ ಕಡೆ ಹೆಣ್ಣನ್ನು ಸಲುಗೆಯಿಂದ ಕರೆಯುವುದು.

ಕೂತಿದ್ದ ನಾಲ್ವರೂ ತಲೆಯಾಡಿಸಿದರು. ಅಬ್ಬಿ ಕಣ್ಣೊರೆಸಿಕೊಂಡು ಬಂದಳು. ಹತ್ತು ದಿನ ಅವರನ್ನು ದೇವರೆಂದಳು. ಹನ್ನೊಂದನೆಯ ದಿನ ಬಾವಿಕಟ್ಟೆಯಲ್ಲಿ ಕೊಡಪಾನ ಯಾರದು ಮೊದಲು ಎಂಬ ಸಣ್ಣ ಮಾತು ಬಂತು. ದೊಡ್ಡಪ್ಪಯ್ಯ ಜಗಲಿಯಿಂದಲೇ ಕೂಗಿದರು: “ಹ್ವಾಯ್, ಗಂಡನ್ ಯಾರ್ ಮರದಗೆ ಸುಟ್ಟದ್ದ್ ಅಂದ್ ನೆನಪಿತಾ? ಹಣ್ಣ್ ಬಿಡೂ ಮರ ಕಡ್ದ್ ಕೊಟ್ಟಿದೆ ನಾನ್.”

ಆ ದಿನ ತಿಳಿಯಿತು ಅವರು ದುಡ್ಡು ಯಾಕೆ ತೆಗೆದುಕೊಳ್ಳಲಿಲ್ಲ ಎಂದು. ತೆಗೆದುಕೊಂಡಿದ್ದರೆ ಮರ ಮಾರಿದ ಹಾಗಾಗುತ್ತಿತ್ತು, ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು. ಬಿಟ್ಟದ್ದಕ್ಕೆ ನಾವು ಅವರ ಕೈಯಲ್ಲಿ ಉಳಿದೆವು. ಅಬ್ಬಿ ಮತ್ತೆ ಮೂರು ಸಲ ದುಡ್ಡು ಹಿಡಿದು ಹೋದಳು. ಮೂರು ಸಲವೂ ಅದೇ ಜಗಲಿ, ಅದೇ ನಗು, “ಮನಿಯೊಳ್ಗ್ ಲೆಕ್ಕ ಎಂತಕೆ ಹೆಣೆ.”

ನಾನು ಬಿ.ಕಾಂ. ಪಾಸಾದೆ. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ. ಚಿಮಿಣಿ ದೀಪದಲ್ಲಿ ಓದಿದೆ ಎಂದೆಲ್ಲ ಬರೆಯುವುದಿಲ್ಲ, ನಮಗೆ ಕರೆಂಟು ಇತ್ತು. ಇಲ್ಲದ್ದು ಬಸ್ಸಿನ ದುಡ್ಡು. ಅಬ್ಬಿಯ ಬುಟ್ಟಿಯಲ್ಲಿ ಬಂಗುಡೆ ಮಾರಾಟವಾಗದೆ ಉಳಿದರೆ ಮರುದಿನ ನಾನು ಕಾಲೇಜಿಗೆ ಹೋಗುತ್ತಿರಲಿಲ್ಲ. ಹಾಗೆ ತಪ್ಪಿದ ದಿನಗಳ ಪಾಠವನ್ನು ಬೇರೆಯವರ ನೋಟ್ಸಿನಿಂದ ಬರೆದುಕೊಂಡು ಪಾಸಾದವಳು. ಫಲಿತಾಂಶದ ದಿನ ದಿನಸಿ ಅಂಗಡಿಯಲ್ಲಿ ಸಕ್ಕರೆ ಕೊಳ್ಳುತ್ತಿದ್ದೆ. ದೊಡ್ಡಪ್ಪಯ್ಯ ಅಲ್ಲಿದ್ದವರಿಗೆ ಕೇಳುವ ಹಾಗೆ ಹೇಳಿದರು: “ನಂದೊಂದ್ ಮರ ಹೋಯ್ತ್, ಇವ್ಳಿಗೊಂದ್ ಡಿಗ್ರಿ ಬಂತ್.” ಎಲ್ಲರೂ ನಕ್ಕರು. ನಾನು ಸಕ್ಕರೆ ತೆಗೆದುಕೊಂಡು ಬಂದೆ. ಅಬ್ಬಿಗೆ ಹೇಳಲಿಲ್ಲ. ಆದರೆ ಅವಳಿಗೆ ಸಂಜೆಯೊಳಗೆ ಬೇರೆಯವರು ಹೇಳಿದ್ದರು.

ಬ್ರಹ್ಮಾವರದ ಒಂದು ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲೇ ಬಾಡಿಗೆ ಕೋಣೆ ಮಾಡಿದೆ. ಅಬ್ಬಿಯನ್ನು ಕರೆದೆ. ಬರಲಿಲ್ಲ. “ನಾ ಇಲ್ಲಿಂದ ಹೋರೆ ಅವ್ರ್ ಗೆದ್ದ ಹಾಂಗೆ” ಎಂದಳು. ಅವಳಿಗೆ ಒಂದೇ ಚಿಂತೆ ಹಿಡಿದಿತ್ತು. ತಾನು ಸತ್ತ ದಿನ ಮಗಳು ಮತ್ತೆ ಅದೇ ಜಗಲಿಯ ಕೆಳಗೆ ನಿಂತು ಮರ ಕೇಳಬೇಕು. ಅಥವಾ ಕೇಳದಿದ್ದರೂ ದೊಡ್ಡಪ್ಪಯ್ಯ ತಾವಾಗಿ ಒಂದು ಮರ ಕಡಿಸಿ ಇಟ್ಟುಬಿಡಬೇಕು. ಆಮೇಲೆ ನಾನು ಆಯುಷ್ಯವಿಡೀ “ನಿನ್ನ ಅಪ್ಪನೂ ಅಬ್ಬಿಯೂ ನನ್ನ ಮರದಲ್ಲೇ ಬೆಂದದ್ದು” ಎಂದು ಕೇಳಿಸಿಕೊಳ್ಳಬೇಕು.

ಆ ಹೊತ್ತಿಗೆ ಕುಂದಾಪುರದಲ್ಲಿ ಒಂದು ಟ್ರಸ್ಟ್ ಇತ್ತು. ಬದುಕಿರುವಾಗಲೇ ಕಂತಿನಲ್ಲಿ ದುಡ್ಡು ಕಟ್ಟಿದರೆ ಸತ್ತ ದಿನ ಕಟ್ಟಿಗೆ, ಚಪ್ಪರ, ಬಟ್ಟೆ, ಕ್ರಿಯೆಯ ಸಾಮಾನು, ಬೊಜ್ಜದ ಊಟ ಎಲ್ಲ ಅವರದೇ ಏರ್ಪಾಡು. ಹೆಂಚಿನ ಅಂಗಡಿಯೊಂದರ ಮಾಳಿಗೆಯಲ್ಲಿ ಆಫೀಸು. ನೋಡಿಕೊಳ್ಳುತ್ತಿದ್ದವರು ನಿವೃತ್ತ ಮಾಸ್ಟ್ರೊಬ್ಬರು. ಅಬ್ಬಿ ಒಂದು ಶನಿವಾರ ಸಂತೆ ಮುಗಿಸಿ, ಖಾಲಿ ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು, ನನ್ನನ್ನು ಕರೆದುಕೊಂಡು ಹತ್ತಿದಳು.

“ಕೂಕಣಿ. ಯಾರಿಗೆ ಮಾಡ್ಸೂದ್?” ಎಂದರು ಮಾಸ್ಟ್ರು.

“ನಂಗೇ.”

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ತಂದೆತಾಯಿಗೆ ಮಾಡಿಸಲು ಬರುವವರು ಅವರಿಗೆ ಅಭ್ಯಾಸ. ತನಗೇ ಮಾಡಿಸಲು ಬಂದು ಬೆನ್ನು ನೆಟ್ಟಗೆ ಮಾಡಿ ಕೂತ ಹೆಂಗಸು ಅಪರೂಪ.

“ಕಟ್ಗಿ ಎಂತದ್ ಹಾಕ್ತ್ರಿ?”

“ಮಾವಿಂದ್. ಪದ್ಧತಿ ಹಾಂಗೇ ಅಲ್ದಾ?”

“ನಂಗ್ ಮಾವಿಂದ್ ಒಂದ್ ಚಕ್ಕಿ ಸೈತ ಬ್ಯಾಡ. ಬರ್ಕಣಿ.”

“ಮತ್ತ್ ಎಂತದ್ರಗೆ ಸುಡೂದ್ ಮರ್ರೆ?”

“ಗಾಳಿಮರ.”

ಗಾಳಿಮರ ಎಂದರೆ ಕಡಲ ದಂಡೆಯ ಮರಳಿನಲ್ಲಿ ಬೆಳೆಯುವ ಸೂಜಿ ಎಲೆಯ ಮರ. ಅದು ದೊಡ್ಡಪ್ಪಯ್ಯನ ಹಿತ್ತಲಿನಲ್ಲಿ ಬೆಳೆಯುವುದಿಲ್ಲ, ಅಷ್ಟು ಸಾಕಿತ್ತು ಅವಳಿಗೆ.

“ಗಾಳಿಮರ ಕಿಡಿ ಹಾರ್ಸತ್ತ್” ಎಂದರು ಮಾಸ್ಟ್ರು.

“ಹಾರ್ಸ್ಲಿ. ನಂಗೆಂತ ಬಿಸಿ ತಾಗತ್ತಾ ಆಗ? ಊಟಕ್ಕೆ ಎಂತ ಪಾಯ್ಸ?”

“ಕಡ್ಲೆಬೇಳೆ.”

“ಹೆಸ್ರುಬೇಳೆ ಮಾಡ್ಸಿ. ಕಡ್ಲೆಬೇಳೆ ನಂಗ್ ಜೀರ್ಣ ಆತಿಲ್ಲೆ.”

ಮಾಸ್ಟ್ರು ಈಗ ನಕ್ಕೇ ಬಿಟ್ಟರು. “ನಿಮ್ಗ್ ಉಂಬುಕೆ ಎಲ್ಲಿ ಸಿಕ್ಕತ್ತ್ ಮರ್ರೆ, ನಿಮ್ಮ್ ಬೊಜ್ಜದ ಊಟ?”

“ಉಂಬವ್ರಿಗೂ ಹೊಟ್ಟಿ ಇತ್ತಲ್ದಾ. ಬರ್ಕಣಿ.”

ಮೀನಿನ ಗಿರಾಕಿಯ ಹತ್ತಿರ ಮಾತಾಡುವ ಹಾಗೆಯೇ ಅವಳು ತನ್ನ ಸಾವಿನ ಸಾಮಾನು ಒಂದೊಂದಾಗಿ ಆರಿಸಿದಳು. ಮೇಲೆ ಹೊದಿಸಲು ಸಣ್ಣ ನೀಲಿ ಅಂಚಿನ ಬಿಳಿ ಸೀರೆ. ಬಿಜೂರಿನ ಅಡುಗೆಯವರೇ ಆಗಬೇಕು, ಬೇರೆಯವರು ಸಾರಿಗೆ ನೀರು ಹೊಯ್ಯುತ್ತಾರೆ. ಮಾಸ್ಟ್ರು ಎಲ್ಲ ಬರೆದುಕೊಂಡರು. ಮೇಲೆ ಮನೆ ಹೆಸರು, ಊರು. ಆದರೆ ಹೆಸರಿನ ಜಾಗವನ್ನು ಖಾಲಿ ಬಿಟ್ಟರು.

ನಾನು ಡಿಗ್ರಿ ಓದಿದವಳಲ್ಲವೇ, ಕೂಡಲೇ ಕೇಳಿದೆ: “ಸರ್, ಹೆಸರು ಬರೆಯಲಿಲ್ಲ?”

ಮಾಸ್ಟ್ರು ದನಿ ತಗ್ಗಿಸಿದರು. “ಬದ್ಕಿದ್ದವ್ರ ಹೆಸ್ರ್ ಈ ಪುಸ್ತಕದಗೆ ಬರೂಕಾಗ ಮಗಾ. ಅಪಶಕುನ. ಮನೆ ಹೆಸ್ರ್ ಸಾಕ್. ಇಷ್ಟ್ ಜನ್ರಿಗ್ ಹಾಂಗೇ ಮಾಡಿದ್.”

“ಸುಮ್ನಿರ್ ಹೆಣೆ, ಅವ್ರ್ ಹೇಳೂದ್ ಸಮಾ” ಎಂದಳು ಅಬ್ಬಿ.

ಎಲ್ಲಕ್ಕೂ ಎದೆ ಕೊಟ್ಟವಳು ಈ ಒಂದಕ್ಕೆ ಹೆದರಿದಳು. ಆ ಖಾಲಿ ಜಾಗದ ಕೆಳಗೆ ಸಾಕ್ಷಿ ಎಂದು ಸಹಿ ಹಾಕಿದವಳು ನಾನೇ, ಹೆಸರಿನ ಮುಂದೆ ಬಿ.ಕಾಂ. ಎಂದು ಸೇರಿಸಿ. ನಮ್ಮ ಮನೆ ಹೆಸರಿಗೆ ಇನ್ನೊಂದು ಮನೆಯೂ ಇದೆ ಎನ್ನುವುದು ನನಗೂ ಹೊಳೆಯಲಿಲ್ಲ. ಎರಡು ವರ್ಷ ಶನಿವಾರ ಶನಿವಾರ ಆ ಮೆಟ್ಟಿಲು ಹತ್ತಿ ಅಬ್ಬಿ ಕಂತು ಮುಗಿಸಿದಳು. ಸಾಮಾನಿನ ಪಟ್ಟಿಯೂ ನನ್ನ ಸಹಿಯೂ ಇದ್ದ ಕೊನೆಯ ರಸೀದಿಯನ್ನು ನನಗೆ ಕೊಟ್ಟು, “ಇನ್ನ್ ಸಾಯುಕೆ ಅಡ್ಡಿ ಇಲ್ಲೆ” ಎಂದು ನಕ್ಕಳು.

ಸತ್ತದ್ದು ದೊಡ್ಡಪ್ಪಯ್ಯ. 2006ರಲ್ಲಿ, ಚೌತಿ ಕಳೆದ ವಾರ. ಬೆಳಿಗ್ಗೆ ಹಲ್ಲುಜ್ಜಲು ಬಾವಿಕಟ್ಟೆಗೆ ಹೋದವರು ಅಲ್ಲೇ ಕುಸಿದರು. ದೊಡ್ಡಮ್ಮ ಮೊದಲೇ ತೀರಿಹೋಗಿದ್ದರು. ಮಗ ಮುಂಬೈಯಲ್ಲಿ ಹೋಟೆಲು ಕೆಲಸಕ್ಕಿದ್ದ. ಅವನು ರೈಲು ಹತ್ತಿ ಬರುವ ಹೊತ್ತಿಗೆ ಮರುದಿನವಾಗುತ್ತದೆ. ದಿನಸಿ ಅಂಗಡಿಯವರಿಗೆ ಆ ಟ್ರಸ್ಟಿನ ಫೋನ್ ನಂಬರು ಗೊತ್ತಿತ್ತು. ಫೋನ್ ಮಾಡಿ, ಮನೆ ಹೆಸರು ಹೇಳಿ, “ಆ ಮನಿಯಗೆ ಒಂದ್ ಹೋಯ್ತ್ ಮಾಸ್ಟ್ರೆ, ನಿಮ್ಮಿಂದ ಎಂತಾರೂ ಆತ್ತಾ?” ಎಂದರಂತೆ. ಯಾರು ಹೋದದ್ದು ಎಂದು ಮಾಸ್ಟ್ರು ಕೇಳಲಿಲ್ಲ. ಅದನ್ನು ಫೋನಿನಲ್ಲಿ ಬಿಡಿಸಿ ಕೇಳುವುದು ಮರ್ಯಾದೆಯಲ್ಲ. ಪುಸ್ತಕ ತೆಗೆದರು, ಮನೆ ಹೆಸರು ಇತ್ತು, ಕಂತು ಪೂರ್ತಿ ಆಗಿತ್ತು. ಮಹಾರಾಯರು ಮನಸ್ಸಿನಲ್ಲೇ ನನ್ನ ಅಬ್ಬಿಗೆ ಸದ್ಗತಿ ಕೋರಿ, ಆ ಮನೆಯ ಕಂತು ಪೂರ್ತಿ ಆಗಿದೆ ಎಂದು ಅಂಗಡಿಯವರಿಗೆ ತಿಳಿಸಿ, ಮರುದಿನ ಬೆಳಿಗ್ಗೆಗೆ ಕಟ್ಟಿಗೆಗೆ ಹೇಳಿದರು.

ಮರುದಿನ ನಾನು ಬ್ರಹ್ಮಾವರದಿಂದ ಬಂದು ಇಳಿದಾಗ ದೊಡ್ಡಪ್ಪಯ್ಯನ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಮಿನಿ ಲಾರಿಯಿಂದ ಕಟ್ಟಿಗೆ ಇಳಿಸುತ್ತಿದ್ದರು. ದೊಡ್ಡಪ್ಪಯ್ಯನ ಮಗ ಆಗಷ್ಟೇ ಬಂದಿದ್ದ. ನನ್ನನ್ನು ಕಂಡವನೇ ಕೈ ಹಿಡಿದುಕೊಂಡು ಅತ್ತ.

“ಅಪ್ಪಯ್ಯ ಎಲ್ಲ ಮೊದ್ಲೇ ಮಾಡಿಟ್ಟಿರ್ ಅಕ್ಕ. ನಂಗೊಂದ್ ಮಾತ್ ಹೇಳಿಲ್ಲೆ. ಕಟ್ಗಿ ಸೈತ ಬಂತ್ ಕಾಣಿ.”

ನಾನು ಕಟ್ಟಿಗೆ ಕಂಡೆ. ಗಾಳಿಮರ. ಹಿತ್ತಲಿನಲ್ಲಿ ಏಳು ಮಾವಿನ ಮರ ನಿಂತಿರುವಾಗ ಈ ಮನುಷ್ಯನಿಗೆ ಯಾರು ಗಾಳಿಮರ ತರಿಸುತ್ತಾರೆ? ಹೆಣದ ಹತ್ತಿರವೂ ಹೋಗದೆ ನಮ್ಮ ಮನೆಗೆ ಓಡಿದೆ. ಅಬ್ಬಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಾಲು ಚಾಚಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಅಬ್ಬಿ, ಅದ್ ನಿನ್ನ್ ಕಟ್ಗಿ.”

“ಗೊತ್ತಿತ್.”

“ಹೇಳ್ತೆ ನಾನ್ ಹೋಯಿ.”

“ಕೂಕೊ.” ಅವಳು ನನ್ನ ಸೆರಗು ಜಗ್ಗಿದಳು. “ಈಗ್ ಹೇಳ್ರೆ ಕಟ್ಗಿ ವಾಪಾಸ್ ಲಾರಿಗೆ ಏರ್ಸ್ತ್ರ್. ಅವ್ರದ್ದೇ ಮರ ಕಡೀತ್ರ್. ಬೆಂಕಿ ಹತ್ಲಿ.”

ಅಷ್ಟರಲ್ಲಿ ಮಾಸ್ಟ್ರ ಸ್ಕೂಟರ್ ಬಂತು. ಕಂತು ಕಟ್ಟಿದವರು ತೀರಿಕೊಂಡರೆ ತಾವೇ ಬಂದು ಬಟ್ಟೆ ಹೊದಿಸಿ ಹೋಗುವುದು ಅವರ ಕ್ರಮ. ಕೈಯಲ್ಲಿ ಕಾಗದ ಸುತ್ತಿದ ಸೀರೆ. ತಲೆ ತಗ್ಗಿಸಿಕೊಂಡು, ಮುಖದಲ್ಲಿ ಬೇಕಾದಷ್ಟು ದುಃಖ ತಂದುಕೊಂಡು ನಮ್ಮ ಜಗಲಿಯ ವರೆಗೆ ಬಂದು ಕಣ್ಣೆತ್ತಿದರು. ಎದುರಿಗೆ ಅಬ್ಬಿ.

“ಅಯ್ಯೋ ದೇವ್ರೆ” ಎಂದು ಮಾಸ್ಟ್ರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

“ನೀರ್ ಕೊಡ್ ಅವ್ರಿಗೆ” ಎಂದಳು ಅಬ್ಬಿ ನನಗೆ. ಮಾಸ್ಟ್ರು ನೀರು ಕುಡಿದು, ಬೆವರು ಒರೆಸಿ, ಆಚೆಯ ಚಪ್ಪರ ನೋಡಿ, ಈಚೆಯ ಅಬ್ಬಿಯನ್ನು ನೋಡಿ, ತಪ್ಪು ಎಲ್ಲಾಯಿತೆಂದು ತಾವೇ ಅರ್ಥ ಮಾಡಿಕೊಂಡರು.

“ಈಗ್ಲೇ ನಿಲ್ಲಿಸ್ತೆ. ನನ್ನ್ ತಪ್ಪ್. ಈಗ್ಲೇ ಹೇಳ್ತೆ ಅವ್ರಿಗೆ.”

“ಮಾಸ್ಟ್ರೆ, ಆ ದುಡ್ಡ್ ಯಾರ್ದ್?”

“ನಿಮ್ದ್.”

“ಕಟ್ಗಿ ಯಾರ್ದ್?”

“ನಿಮ್ದೇ.”

“ಹಾಂಗಾರೆ ನಾ ಹೇಳ್ದಾಂಗ್ ಮಾಡಿ. ಬೆಂಕಿ ಹತ್ತೂ ವರೆಗೆ ಬಾಯಿ ತೆಗೀಬ್ಯಾಡಿ. ಆ ಸೀರಿ ಎಂತಕೆ ಹಿಡ್ಕಂಡ್ ಕೂತ್ರಿ? ಹೋಯಿ ಹೊದ್ಸಿ.”

“ಸೀರಿ ಮರ್ರೆ ಇದ್! ಹೆಂಗ್ಸ್ರದ್ದ್!”

“ಮಡ್ಚಿ ಹೊದ್ಸಿ. ಅಂಚ್ ಒಳಗ್ ಹಾಕಿ. ಯಾರ್ ಬಿಡ್ಸಿ ಕಾಂತ್ರ್?”

ಮಾಸ್ಟ್ರು ಎದ್ದು ಹೋದರು. ಶಾಲೆಯಲ್ಲಿ ಮೂವತ್ತು ವರ್ಷ ಬೆತ್ತ ಹಿಡಿದವರು ಅಬ್ಬಿಯ ಮಾತಿಗೆ ಮೂರನೆಯ ತರಗತಿಯವರ ಹಾಗೆ ಹೋದರು. ಒಂಬತ್ತು ವರ್ಷ ನಮ್ಮ ಬೆನ್ನ ಹಿಂದೆ ಕೂಗಿದ ಮನುಷ್ಯನ ಮೇಲೆ ನನ್ನ ಅಬ್ಬಿಯ ಸೀರೆಯನ್ನು ಎರಡು ಮಡಿಕೆ ಮಾಡಿ ಹೊದಿಸಿದರು. ಹೊದಿಸುವಾಗ ಅವರ ತುಟಿ ಅಲುಗುತ್ತಿತ್ತು. ದೇವರಲ್ಲಿ ಕ್ಷಮೆ ಕೇಳಿದರೋ ಏನೋ. ನಾನು ಕೇಳಲಿಲ್ಲ, ಅಂದೂ ಇಲ್ಲ, ಇಂದೂ ಇಲ್ಲ.

ಮೆರವಣಿಗೆ ಕಡಲ ಕಡೆಯ ಸ್ಮಶಾನಕ್ಕೆ ಇಳಿಯಿತು. ಹೆಂಗಸರು ಹೋಗುವ ಹಾಗಿರಲಿಲ್ಲ. ನಾವಿಬ್ಬರೂ ಬೇಲಿಯ ಹತ್ತಿರ ನಿಂತೆವು. ಹೊಗೆ ಎದ್ದಿತು. ಮಾಸ್ಟ್ರು ಹೇಳಿದ ಹಾಗೆ ಗಾಳಿಮರ ಚಟಚಟ ಎನ್ನುವುದು ಅಷ್ಟು ದೂರಕ್ಕೂ ಕೇಳಿತು. ಅಬ್ಬಿ ಸೆರಗಿನಿಂದ ಮುಖ ಒರೆಸಿ, “ಹ್ಞಾಂ, ಈಗ್ ಮೀಯುಕೆ ಹೋಪ” ಎಂದಳು.

ಹನ್ನೆರಡು ದಿನ ನಾವಿಬ್ಬರೂ ಬಾಯಿ ಬಿಡಲಿಲ್ಲ. ಸೂತಕ ನಮಗೂ ಇತ್ತು. ಅಬ್ಬಿ ಮೀನಿಗೆ ಹೋಗದೆ ಮನೆಯಲ್ಲೇ ಇದ್ದಳು. ದೊಡ್ಡಪ್ಪಯ್ಯನ ಮಗ ಬಂದ ಬಂದವರಿಗೆಲ್ಲ ಅಪ್ಪಯ್ಯ ಮಾಡಿಟ್ಟ ಏರ್ಪಾಡನ್ನು ವರ್ಣಿಸುತ್ತಿದ್ದ. ಅಬ್ಬಿ ಅದನ್ನು ಪ್ರತಿ ಸಲವೂ ಪೂರ್ತಿ ಕೇಳಿಸಿಕೊಂಡು, “ಹೌದ್ ಮಗಾ, ಅಂಥಾ ಮನ್ಶ ಅವ್ರ್” ಎನ್ನುತ್ತಿದ್ದಳು.

ಹದಿಮೂರನೆಯ ದಿನ ಬೊಜ್ಜ. ಬಿಜೂರಿನ ಅಡುಗೆಯವರು ಬಂದರು. ಅಬ್ಬಿ ಮೊದಲ ಪಂಕ್ತಿಯಲ್ಲಿ, ಎಲ್ಲರಿಗೂ ಕಾಣುವಲ್ಲಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಳು. ಮಾಸ್ಟ್ರು ಎದುರು ಸಾಲಿನಲ್ಲಿ ಎಲೆಯನ್ನೇ ನೋಡುತ್ತ ಕೂತಿದ್ದರು. ಅನ್ನವಾಯಿತು, ಸಾರಾಯಿತು. ಹೆಸರುಬೇಳೆ ಪಾಯಸ ಬಂತು. ಅಬ್ಬಿ ಸುರಿದುಂಡು ಮತ್ತೆ ಕರೆದಳು.

“ಹ್ವಾಯ್, ಪಾಯ್ಸದವ್ರೆ, ಇಲ್ಲ್ ಇನ್ನೊಂದ್ ಸೌಟ್ ಹಾಕಿ. ನನ್ನ್ ಬೊಜ್ಜದ ಪಾಯ್ಸ ನಾನೇ ಉಣ್ಕಲೆ!”

ಬಡಿಸುವವರ ಸೌಟು ನಿಂತಿತು. “ಬಿಡ್ತ್ ಅನ್ನಿ” ಎಂದಳು ಪಕ್ಕದ ಹೆಂಗಸು.

“ಬಿಡ್ತ್ ಎಂತಕೆ? ಈ ಅನ್ನ ನಂದ್, ಈ ಎಲಿ ನಂದ್, ಆ ಚಪ್ರ ನಂದ್. ಇವ್ರನ್ನ ಸುಟ್ಟ ಕಟ್ಗಿ ನಂದ್. ಮೈಮೇಲ್ ಹೊದ್ಸಿದ್ದ್ ಶಾಲಲ್ಲ, ನನ್ನ್ ಸೀರಿ. ಮಾಸ್ಟ್ರ್ ಅಲ್ಲೇ ಇದ್ರ್, ಕೇಣಿ. ಹೆಣೆ, ರಸೀದಿ ತೆಗಿ.”

ನಾನು ಎಡಗೈಯಿಂದ ಬ್ಯಾಗು ತೆರೆದು ರಸೀದಿಯನ್ನು ದಿನಸಿ ಅಂಗಡಿಯವರ ಕೈಗೆ ಕೊಟ್ಟೆ. ಅವರೇ ಯಾಕೆ? ನನ್ನ ಡಿಗ್ರಿಗೆ ನಕ್ಕ ದಿನ ಸಕ್ಕರೆ ಕಟ್ಟಿದವರು ಅವರೇ. ಅವರು ಓದಿದರು: ಗಾಳಿಮರದ ಕಟ್ಟಿಗೆ, ನೀಲಿ ಅಂಚಿನ ಬಿಳಿ ಸೀರೆ, ಹೆಸರುಬೇಳೆ ಪಾಯಸ. ಕೆಳಗೆ ನನ್ನ ಸಹಿ, ಬಿ.ಕಾಂ. ಒಂದು ಪಂಕ್ತಿಯಿಂದ ಇನ್ನೊಂದು ಪಂಕ್ತಿಗೆ ಮಾತು ಹರಿದು ಹೋಗುವುದನ್ನು ನಾನು ಕೂತಲ್ಲಿಂದ ನೋಡಿದೆ. ಯಾರೂ ಏಳಲಿಲ್ಲ, ಎದ್ದರೆ ಊಟ ಬಿಟ್ಟ ಹಾಗಾಗುತ್ತದೆ. ಅಬ್ಬಿ ಎರಡನೆಯ ಸೌಟು ಪಾಯಸವನ್ನು ಕೊನೆಯ ತೊಟ್ಟಿನ ತನಕ ಉಂಡಳು. ಎಲೆ ಮಡಿಸುವಾಗ ಎದುರು ಸಾಲಿಗೆ ಹೇಳಿದಳು: “ಜೀರ್ಣ ಆತ್ತ್ ಕಾಣಿ ಮಾಸ್ಟ್ರೆ.”

ದೊಡ್ಡಪ್ಪಯ್ಯನ ಮಗನ ಮುಖದಲ್ಲಿ ರಕ್ತವಿರಲಿಲ್ಲ. ಅವನ ತಪ್ಪು ಏನೂ ಇಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಖುಷಿಯಾಯಿತು. ಸುಳ್ಳು ಬರೆಯುವುದಿಲ್ಲ.

ಮರುದಿನ ಅವನು ದುಡ್ಡು ಹಿಡಿದುಕೊಂಡು ಬಂದ. ನಮ್ಮ ಜಗಲಿಯ ಕೆಳಗೆ ನಿಂತ. ಅಬ್ಬಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಏನು ಹೇಳುತ್ತಾಳೆ ಎನ್ನುವುದು ನನಗೆ ಮೊದಲೇ ಗೊತ್ತಿತ್ತು.

“ಮನಿಯೊಳ್ಗ್ ಲೆಕ್ಕ ಎಂತಕೆ ಮಗಾ? ಅವ್ರ್ ನಂಗ್ ಭಾವ ಅಲ್ದಾ?”

“ಹಾಂಗೆ ಹೇಳ್ಬೇಡಿ ಚಿಕ್ಕಮ್ಮ. ನಂಗ್ ಈ ಊರಗೆ ತಲಿ ಎತ್ತಿ ತಿರ್ಗುಕಾತಿಲ್ಲೆ.”

“ನಾ ತಿರ್ಗಿಲ್ಯಾ ಒಂಬತ್ತ್ ವರ್ಷ?”

ಅವನು ಮುಂಬೈಗೆ ಹೋಗುವ ಮೊದಲು ಮತ್ತೆ ಎರಡು ಸಲ ಬಂದ. ಎರಡು ಸಲವೂ ಅದೇ ಉತ್ತರ. ಅಬ್ಬಿ ಬಾವಿಕಟ್ಟೆಯಲ್ಲಿ ಯಾರಿಗೂ ಕೂಗಿ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಊರು ಹೇಳುತ್ತಿತ್ತು.

ಮಾಸ್ಟ್ರು ಮಾತ್ರ ಬಹಳ ನೊಂದುಕೊಂಡರು. ಹೊಸ ಪುಸ್ತಕ ತಂದರು. ಕಂತಿಲ್ಲದೆ ಮಾಡಿಕೊಡುತ್ತೇನೆ ಎಂದರು. ಅಬ್ಬಿ ಒಪ್ಪಲಿಲ್ಲ. ಈ ಸಲ ನನ್ನ ಸಂಬಳದಿಂದ ಕಟ್ಟಿಸಿದಳು. “ಅದ್ ಮೀನಿನ ದುಡ್ಡ್, ಅವ್ರಿಗ್ ಸಾಕ್. ನಂಗ್ ಡಿಗ್ರಿ ದುಡ್ಡಿನ ಕಟ್ಗಿ ಬೇಕ್.” ಹೆಸರಿನ ಜಾಗ ಬಂದಾಗ ಮಾಸ್ಟ್ರು ಪೆನ್ನು ಎತ್ತಿ ನಿಲ್ಲಿಸಿದರು. ಅಬ್ಬಿ ಮುಂದಕ್ಕೆ ಬಾಗಿದಳು: “ಬರೀನಿ. ದೊಡ್ಡದಾಯಿ ಬರೀನಿ. ಒಂದ್ ಬೊಜ್ಜ ಉಂಡಾಯ್ತಲೆ, ಇನ್ನೆಂತ ಹೆದ್ರಿಕೆ?” ಬೆಂಕಿ ಕೊಡುವವರು ಎಂಬ ಜಾಗದಲ್ಲಿ ಮಗಳು ಎಂದು ಬರೆಸಿದಳು. ಮಾಸ್ಟ್ರು ಈ ಸಲ ಪದ್ಧತಿಯ ಮಾತೆತ್ತಲಿಲ್ಲ.

ಅಬ್ಬಿ 2013ರಲ್ಲಿ ಹೋದಳು. ಹೆಚ್ಚು ನರಳಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಮಲಗಿದವಳು ಏಳಲಿಲ್ಲ. ನಾನು ಒಂದು ಫೋನ್ ಮಾಡಿದೆ, ಹೆಸರು ಬಿಡಿಸಿ ಹೇಳಿದೆ. ಗಾಳಿಮರ ಬಂತು, ಸೀರೆ ಬಂತು.

ಅವುಗಳ ಹಿಂದೆಯೇ ದೊಡ್ಡಪ್ಪಯ್ಯನ ಮಗನೂ ಬಂದ. ಆ ವಾರ ಅವನು ಊರಲ್ಲೇ ಇದ್ದ. ಸುದ್ದಿ ಕೇಳಿದ ಕೂಡಲೇ ಹಿತ್ತಲಿನ ಎಲ್ಲಕ್ಕಿಂತ ದೊಡ್ಡ ಮಾವಿನ ಮರ ಕಡಿಸಿದ್ದ. ಅದು ನಿಜವಾಗಿಯೂ ಹಣ್ಣು ಬಿಡುವ ಮರ, ಅದರ ಹಣ್ಣನ್ನು ನಾವು ಸಣ್ಣವರಿರುವಾಗ ಕದ್ದು ತಿಂದಿದ್ದೇವೆ, ಅವನೂ ನಾನೂ ಒಟ್ಟಿಗೆ. ನಾಲ್ಕು ಜನ ಅದರ ಬೊಡ್ಡೆಯನ್ನು ಹೊತ್ತು ಬಂದು ಎರಡು ಮನೆಯ ನಡುವಿನ ದಾರಿಯಲ್ಲಿ ಇಳಿಸಿದರು. ಕಡಿದ ಜಾಗದಿಂದ ಸೊನೆ ಇನ್ನೂ ಇಳಿಯುತ್ತಿತ್ತು.

“ಅಕ್ಕ, ಒಂದ್ ತುಂಡ್ ಇಡುಕೆ ಬಿಡಿ. ಒಂದೇ ಒಂದ್.” ಅವನು ಕೈ ಮುಗಿದಿದ್ದ. ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿತ್ತು. “ಈ ಋಣ ಹಗೂರ ಆಯ್ಕ್ ನಂಗೆ.”

ಸೇರಿದ್ದವರಲ್ಲಿ ಹಿರಿಯರೊಬ್ಬರು ಅವನ ಪರವಾಗಿ ನಿಂತರು. “ಮಾವಿಂದ್ ಒಂದ್ ಚಕ್ಕಿ ಇಲ್ದೆ ಹ್ಯಾಂಗ್ ಹೆಣೆ? ಪದ್ಧತಿ ಅಲ್ದಾ? ಹೋದವ್ರ್ ಹೋಯ್ರ್, ಇನ್ನೆಂತಕೆ ಹಗೆ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಓದಿದವಳು, ದೊಡ್ಡ ಮನಸ್ಸಿನವಳು ಎಂದು ಊರು ಹೇಳುತ್ತಿತ್ತು. ಆ ಹಿರಿಯರ ಮುಖ ನೋಡಿದೆ. 1997ರಲ್ಲಿ ದೊಡ್ಡಪ್ಪಯ್ಯನ ಜಗಲಿಯಲ್ಲಿ ಕೂತು ತಲೆಯಾಡಿಸಿದ ನಾಲ್ವರಲ್ಲಿ ಅವರೊಬ್ಬರು. ತಮ್ಮನ ಕಡೆ ತಿರುಗಿ ಅಬ್ಬಿಯ ಮಾತು ಹೇಳಿದೆ.

“ಮನಿಯೊಳ್ಗ್ ಲೆಕ್ಕ ಎಂತಕೆ ತಮಾ?”

ಅವನು ಅಲ್ಲೇ ಆ ಬೊಡ್ಡೆಯ ಮೇಲೆ ಕೂತ. ನಾನು ಸ್ಮಶಾನಕ್ಕೆ ನಡೆದೆ, ಬೆಂಕಿ ನಾನೇ ಕೊಟ್ಟೆ. ಕಿಡಿ ಹಾರಿ ನನ್ನ ಸೀರೆಯಲ್ಲಿ ಎರಡು ತೂತು ಬಿದ್ದವು. ಆ ಸೀರೆ ಇನ್ನೂ ನನ್ನ ಹತ್ತಿರ ಇದೆ.

ಬೊಡ್ಡೆ ದಾರಿಯಲ್ಲೇ ಉಳಿಯಿತು. ಅವನು ತೆಗೆಸಲಿಲ್ಲ, ನಾನು ಮುಟ್ಟಲಿಲ್ಲ. ಮೊದಲ ಮಳೆಗಾಲದಲ್ಲಿ ಅದರ ತುಂಬ ಅಣಬೆ ಎದ್ದವು, ಆಮೇಲೆ ಗೆದ್ದಲು ಬಂತು. ಮನೆ ನೋಡಲು ಹೋದಾಗಲೆಲ್ಲ ಅದನ್ನು ದಾಟಿಯೇ ಒಳಗೆ ಹೋಗುತ್ತೇನೆ. ಅವನು ವರ್ಷಕ್ಕೊಮ್ಮೆ ಮುಂಬೈಯಿಂದ ಫೋನ್ ಮಾಡುತ್ತಾನೆ. ಆರೋಗ್ಯ ಕೇಳುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ಏನನ್ನು ಕೇಳಲು ಸುಮ್ಮನಾದ ಎನ್ನುವುದು ನನಗೆ ತಿಳಿಯುತ್ತದೆ. ನಾನೂ ಸುಮ್ಮನಿರುತ್ತೇನೆ.

ಹೋದ ವರ್ಷ ಆ ಮಾಳಿಗೆ ಹತ್ತಿ ನನ್ನದನ್ನೂ ಮಾಡಿಸಿದೆ. ಮಾಸ್ಟ್ರು ಈಗ ಇಲ್ಲ, ಒಬ್ಬಳು ಹುಡುಗಿ ಕಂಪ್ಯೂಟರಿನಲ್ಲಿ ತುಂಬುತ್ತಾಳೆ. ಹೆಸರು ಹೇಳಿದೆ, ಬಿ.ಕಾಂ. ಸೇರಿಸಲು ಹೇಳಿದೆ. ಕಟ್ಟಿಗೆ: ಗಾಳಿಮರ. ಪಾಯಸ: ಹೆಸರುಬೇಳೆ. ಕೊನೆಗೆ ಅವಳು ಕೇಳಿದಳು, “ಸುದ್ದಿ ಮುಟ್ಟಿಸ್ಬೇಕಾದವ್ರ್ ಯಾರ್ ಮೇಡಂ?”

ನಾನು ಮದುವೆಯಾಗಲಿಲ್ಲ. ಮತ್ತೆ ಯಾರಿದ್ದಾರೆ? ದೊಡ್ಡಪ್ಪಯ್ಯನ ಮಗನ ಹೆಸರೂ ಮುಂಬೈಯ ನಂಬರೂ ಕೊಟ್ಟೆ. ಬರಲಿ ಅವನು. ಕಟ್ಟಿಗೆ ಇರುತ್ತದೆ, ಬಟ್ಟೆ ಇರುತ್ತದೆ, ಅವನು ಕೈಬೀಸಿಕೊಂಡು ಬಂದು ನಿಲ್ಲಲಿ, ಇಡಲು ಏನೂ ಇಲ್ಲದೆ ನಿಲ್ಲಲಿ. ಮೊದಲ ಪಂಕ್ತಿಯಲ್ಲಿ ಕೂತು ಉಣ್ಣಲಿ. ಅವನಿಗೆ ಪಾಯಸ ಎರಡು ಸಲ ಬಡಿಸಬೇಕು ಎಂದೂ ಬರೆಸಿದ್ದೇನೆ.